ಎಮ್ಮಿಯೋ, ಮುಧೋಳ ನಾಯಿಯೋ?

ಮಗಳ ಮದುವೆಯ ಫೋಟೊಗಳು ಕಂಪ್ಯೂಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ ಎಂದು ತಿಳಿದ ದಿನ ನನ್ನವಳ ನಿದ್ದೆ ಹೋಯಿತು. ಅವಳ ಹಿಂದೆಯೇ ನನ್ನದೂ. ಬನಹಟ್ಟಿಯ ಮಗ್ಗಗಳ ಸದ್ದಿಗೂ ಎಚ್ಚರಾಗದ ನಾನು ಅವಳ ಗೊಣಗಾಟಕ್ಕೆ ಎದ್ದು, ಡ್ರೈವ್ ತರಲು ಜಮಖಂಡಿ ಬಸ್ಸು ಹತ್ತಿದೆ.

“ಎಸ್‌ಎಸ್‌ಡಿ ಬೇಕೋ, ಹಾರ್ಡ್‌ಡಿಸ್ಕ್ ಬೇಕೋರಿ ಸರ?” ಎಂದ ಅಂಗಡಿಯ ಹುಡುಗ, ನನ್ನ ಮುಖ ನೋಡಿ ಕನಿಕರಪಟ್ಟ. “ಎಸ್‌ಎಸ್‌ಡಿ ಅಂದ್ರ ಮುಧೋಳ ನಾಯಿ ಇದ್ದಂಗ್ರಿ. ಮೈ ಸಣ್ಣ, ಓಟ ಜೋರ, ರೇಟೂ ಜೋರ. ಹಾರ್ಡ್‌ಡಿಸ್ಕ್ ಎಮ್ಮಿ, ಸಾವಕಾಶ, ಆದ್ರ ಅಗ್ಗ. ಕೆಳಗ ಮಾತ್ರ ಕೆಡವಬ್ಯಾಡ್ರಿ, ಒಳಗ ತಟ್ಟಿ ತಿರಗತಿರತೈತಿ.”

ಎಮ್ಮೆಯನ್ನೇ ಹೊಡಕೊಂಡು ಬಂದೆ. ಮನೆಯಲ್ಲಿ ಚುಚ್ಚಿ ನೋಡಿದರೆ ಒಂದು ಟೀಬಿ ಹೋಗಿ 931 ಜೀಬಿ ಆಗಿದೆ! ಕಂಪನಿಯ ಲೆಕ್ಕ ಸಾವಿರದ್ದಂತೆ, ಕಂಪ್ಯೂಟರಿನದು 1024ರದ್ದಂತೆ. “ಮಹಾಲಿಂಗಪುರದ ಬೆಲ್ಲದ ಪ್ಯಾಟ್ಯಾಗೂ ಇಷ್ಟು ತೂಕ ಹೊಡ್ಯಂಗಿಲ್ಲ ಬಿಡ್ರಿ” ಎಂದಳು ಅವಳು.

ಅಂತೂ ಎಲ್ಲ ತುಂಬಿಸಿ, ಕಳೆಯಬಾರದೆಂದು ಬಲು ಜೋಪಾನವಾಗಿ ಎತ್ತಿಟ್ಟೆ. ಎಲ್ಲಿ ಎಂಬುದೊಂದು ನೆನಪಿಲ್ಲ. ಮುಧೋಳದ ರನ್ನನ ಕಾವ್ಯ ಓಲೆಗರಿಯಿಂದ ಓಲೆಗರಿಗೆ ಪ್ರತಿಯಾಗುತ್ತ ಸಾವಿರ ವರ್ಷ ದಾಟಿ ಬಂತು. ನನ್ನ ಪ್ರತಿ ಎಂಟು ದಿನ ದಾಟಲಿಲ್ಲ.