ಪುಕ್ಕಟೆ ಇಂಟರ್ನೆಟ್ಟಿನ ಬಿಲ್ಲು ಕಟ್ಟಿದ್ದು ಯಾರಪ್ಪಾ?

ಇಂಗ್ಲೆಂಡಿನ ಅಂಗಡಿಯವರ ಬುದ್ಧಿಗೆ ಅಡ್ಡಬೀಳಬೇಕು. ಟೀವಿ, ಟೇಪ್‌ರೆಕಾರ್ಡರು, ಕ್ಯಾಮೆರಾ ಮಾರಿಕೊಂಡಿದ್ದ ಡಿಕ್ಸನ್ಸ್ ಎಂಬ ಅಂಗಡಿಯವರು 1998ರ ಸೆಪ್ಟೆಂಬರಿನಲ್ಲಿ ಬಂದಬಂದವರ ಕೈಗೆ ಒಂದು ಸಿಡಿ ಇಡತೊಡಗಿದರು. ಹೆಸರು ಫ್ರೀಸರ್ವ್. ಮನೆಗೆ ಒಯ್ದು ಕಂಪ್ಯೂಟರಿಗೆ ಹಾಕಿದರೆ ಇಂಟರ್ನೆಟ್ ಬಂತು. ತಿಂಗಳ ಚಂದಾ? ಇಲ್ಲ. ಠೇವಣಿ? ಇಲ್ಲ. ಸೇರಿಕೊಳ್ಳುವ ಶುಲ್ಕ? ಛೇ, ಬಿಡಿ ಸ್ವಾಮಿ, ನಮ್ಮ ನಿಮ್ಮ ನಡುವೆ ಅವೆಲ್ಲ ಯಾಕೆ! ಅಲ್ಲಿಯವರೆಗೆ ತಿಂಗಳು ತಿಂಗಳು ದುಡ್ಡು ಕಟ್ಟಿ ಇಂಟರ್ನೆಟ್ ನೋಡುತ್ತಿದ್ದ ಜನ ಮುಗಿಬಿದ್ದರು. ವರ್ಷ ತುಂಬುವುದರೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸೇರಿಯಾಗಿತ್ತು.

ಟೀವಿ ಕೊಂಡವನು ಒಂದು ಗಜ ವೈರು ಹೆಚ್ಚಿಗೆ ಕೇಳಿದರೆ ಮುಖ ಗಂಟಿಕ್ಕುವುದು ಅಂಗಡಿಯವರ ಜಾತಿಧರ್ಮ. ಅಂಥವರಿಗೆ ಇದ್ದಕ್ಕಿದ್ದಂತೆ ಈ ದಾನಬುದ್ಧಿ ಎಲ್ಲಿಂದ ಬಂತು?

ಬಂದದ್ದು ಫೋನ್ ಬಿಲ್ಲಿನಿಂದ. ಆ ಕಾಲದ ಇಂಟರ್ನೆಟ್ ಎಂದರೆ ಡಯಲ್ ಅಪ್. ನಿಮ್ಮ ಮೋಡೆಮ್ಮು ಫೋನ್ ಮಾಡಬೇಕು. ಅತ್ತಲಿನ ಮೋಡೆಮ್ಮು ಎತ್ತಿಕೊಳ್ಳಬೇಕು. ಇಬ್ಬರೂ ಕೀಂ, ಕರ್ರ್ ಎಂದು ಹಲ್ಲು ಕಡಿದುಕೊಂಡ ಮೇಲೆ ಸಂಬಂಧ ಕುದುರಬೇಕು. ಇಂಗ್ಲೆಂಡಿನಲ್ಲಿ ಲೋಕಲ್ ಕಾಲಿಗೂ ನಿಮಿಷದ ಲೆಕ್ಕ. ಹಗಲು ನಿಮಿಷಕ್ಕೆ ಸುಮಾರು 4 ಪೆನ್ಸ್, ಸಂಜೆಯಾದರೆ ಒಂದೂವರೆ, ಶನಿವಾರ ಭಾನುವಾರ ಒಂದು. ಇದನ್ನು ವಸೂಲು ಮಾಡುತ್ತಿದ್ದವರು ಬ್ರಿಟಿಷ್ ಟೆಲಿಕಾಂನವರು, ಅಂದರೆ ಬೀಟಿ. ಆದರೆ ಫ್ರೀಸರ್ವಿನ 0845 ನಂಬರಿಗೆ ಮಾಡಿದ ಕರೆ ಹೋಗಿ ಮುಟ್ಟುತ್ತಿದ್ದದ್ದು ಎನರ್ಜಿಸ್ ಎಂಬ ಬೇರೆ ಕಂಪನಿಯ ಜಾಲಕ್ಕೆ. ಕರೆಂಟಿನ ದೊಡ್ಡ ಗೋಪುರಗಳ ಮೇಲೆ ಫೈಬರ್ ಎಳೆದುಕೊಂಡು ಬೆಳೆದ ಕಂಪನಿ ಅದು. ಆ ದೇಶದ ನಿಯಮ ಹೀಗಿತ್ತು: ಬೀಟಿ ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ಕರೆ ಎತ್ತಿಕೊಂಡ ಕಂಪನಿಗೆ ಕೊಡಬೇಕು. ಎನರ್ಜಿಸ್ ಅದರಲ್ಲಿ ಒಂದಿಷ್ಟನ್ನು ಫ್ರೀಸರ್ವಿಗೆ ತಲುಪಿಸುತ್ತಿತ್ತು.

ಹೆದ್ದಾರಿ ಪಕ್ಕದ ಹೋಟೆಲಿನ ಮುಂದೆ ರಾತ್ರಿ ಬಸ್ಸು ನಿಲ್ಲುತ್ತದಲ್ಲ, ಆ ಡ್ರೈವರಿಗೆ ಒಳಗಿನ ಕೋಣೆಯಲ್ಲಿ ಸ್ಪೆಷಲ್ ಊಟ ಇರುತ್ತದೆ. ಅವನು ಯಾರಿಗೂ ಬಿಲ್ಲು ಕೊಡುವುದಿಲ್ಲ, ಯಾರ ಬಿಲ್ಲನ್ನೂ ಕಟ್ಟುವುದಿಲ್ಲ. ಅವನ ಚಪಾತಿಯ ಬೆಲೆ ನಿಮ್ಮ ತಣ್ಣನೆ ಇಡ್ಲಿಯೊಳಗೆ ಬೆಂದಿರುತ್ತದೆ. ಫ್ರೀಸರ್ವ್ ಆ ಡ್ರೈವರು.

ಈ ಏರ್ಪಾಟಿನ ಸೊಗಸು ನೋಡಿ. ಪುಟ ಎಷ್ಟು ನಿಧಾನವಾಗಿ ತೆರೆದುಕೊಂಡರೆ ಅಷ್ಟು ನಿಮಿಷ. ಎಷ್ಟು ನಿಮಿಷವೋ ಅಷ್ಟು ಪಾಲು. ಚಿತ್ರವೊಂದು ಹಣೆಯಿಂದ ಶುರುವಾಗಿ ಮೂಗಿನವರೆಗೆ ಇಳಿಯುವಷ್ಟರಲ್ಲಿ ಗಿರಾಕಿಯ ಲೆಕ್ಕಕ್ಕೆ ಇನ್ನೊಂದು ನಿಮಿಷ. ಇಷ್ಟಾಗಿಯೂ ಬೇಸತ್ತು ‘ಯಾಕೋ ಬರ್ತಾ ಇಲ್ಲ’ ಎಂದು ಸಹಾಯವಾಣಿಗೆ ಫೋನ್ ಹಚ್ಚಿದಿರೋ, ಅಲ್ಲಿ ನಿಮಿಷಕ್ಕೆ ಇನ್ನೂ ದುಬಾರಿ ದರ! ಕೆಟ್ಟರೂ ಲಾಭ, ನಡೆದರೂ ಲಾಭ.

ಇಷ್ಟು ರುಚಿಯಾದ ಅಡುಗೆಯ ವಾಸನೆ ಬೀದಿಗೆ ಹೋಗದೆ ಇರುತ್ತದೆಯೇ? ಕಿರಾಣಿ ಮಾರುವ ಟೆಸ್ಕೊ ಇಂಟರ್ನೆಟ್ ಕೊಡಲು ಬಂತು. ‘ದಿ ಸನ್’ ಪತ್ರಿಕೆಯೂ ಕರಂಟ್‌ಬನ್ ಎಂಬ ಹೆಸರಿನಲ್ಲಿ ಬಂತು. ಆಮೇಲೆ ಜನ ಬಿಲ್ಲು ನೋಡಿ ಎದೆ ಹಿಡಿದುಕೊಂಡು, ‘ನಿಮಿಷದ ಲೆಕ್ಕವೇ ಬೇಡ, ವರ್ಷಕ್ಕೆ ಇಷ್ಟು ಅಂತ ಹೇಳಿ’ ಎಂದು ಗಲಾಟೆ ಎಬ್ಬಿಸಿದರು. 2000ದ ಮಾರ್ಚಿನಲ್ಲಿ ಆಲ್ಟಾವಿಸ್ಟಾ ಎಂಬ ಹುಡುಕುತಾಣದ ಕಂಪನಿ ‘ಆಗಲಿ, ನಾವು ಕೊಡುತ್ತೇವೆ’ ಎಂದು ಡಂಗುರ ಸಾರಿತು. ಆಗಸ್ಟಿನಲ್ಲಿ ‘ಆಗುವುದಿಲ್ಲ’ ಎಂದು ಡಂಗುರ ಮಡಚಿಟ್ಟಿತು. ಬ್ರೀದ್ ಎಂಬ ಇನ್ನೊಂದು ಕಂಪನಿ 50 ಪೌಂಡ್ ಕೊಟ್ಟರೆ ಆಜೀವ ಇಂಟರ್ನೆಟ್ ಎಂದಿತು. ಯಾರ ಆಯುಸ್ಸು ಎಂದು ಗಿರಾಕಿಗಳು ವಿಚಾರಿಸಿರಲಿಲ್ಲ. ಅದೇ ಡಿಸೆಂಬರಿನಲ್ಲಿ ಕಂಪನಿಯೇ ಮಲಗಿತು. ಫ್ರೀಸರ್ವ್ ಮಾತ್ರ ಜಾಣ. ಅದೇ ತಿಂಗಳು ಫ್ರಾನ್ಸ್ ಟೆಲಿಕಾಂನ ವನಾಡೂ ಕಂಪನಿಗೆ ಮಾರಿಕೊಂಡಿತು. ಫೋನ್ ಕಂಪನಿಯ ಗಲ್ಲಾಪೆಟ್ಟಿಗೆಯಿಂದ ಹೊಟ್ಟೆ ಹೊರೆದುಕೊಂಡದ್ದು ಕೊನೆಗೆ ಇನ್ನೊಂದು ಫೋನ್ ಕಂಪನಿಯ ಮನೆ ತುಂಬಿತು.

ಇನ್ನು ಅಮೆರಿಕದ ಕಥೆ. ಅಲ್ಲಿ ಬಹುತೇಕ ಮನೆಗಳಿಗೆ ಲೋಕಲ್ ಕಾಲಿಗೆ ನಿಮಿಷದ ಲೆಕ್ಕವಿಲ್ಲ. ತಿಂಗಳ ಬಾಡಿಗೆ ಕಟ್ಟಿದರೆ ದಿನವಿಡೀ ಹರಟಬಹುದು. ಹಾಗಾದರೆ ಅಲ್ಲಿ ಹೋಟೆಲಿನ ಒಳಕೋಣೆ ಎಲ್ಲಿ? 1996ರ ಟೆಲಿಕಾಂ ಕಾಯ್ದೆ ಹೊಸ ಫೋನ್ ಕಂಪನಿಗಳಿಗೆ ಬಾಗಿಲು ತೆರೆದು, ಯಾರ ಗಿರಾಕಿ ಕರೆ ಮಾಡುತ್ತಾನೋ ಆ ಕಂಪನಿ ಕರೆ ತೆಗೆದುಕೊಳ್ಳುವ ಕಂಪನಿಗೆ ಇಷ್ಟಿಷ್ಟು ಕೊಡಬೇಕು ಎಂದಿತು. ಹಳೆಯ ಬೆಲ್ ಕಂಪನಿಗಳಿಗೆ ಒಳಗೊಳಗೇ ಸಂತೋಷ. ಊರಿನ ಫೋನೆಲ್ಲ ನಮ್ಮವೇ, ಹೊಸಬರ ಗಿರಾಕಿಗಳು ನಮ್ಮವರಿಗೇ ತಾನೇ ಕರೆ ಮಾಡುವುದು, ದುಡ್ಡು ನಮ್ಮ ಕಡೆಗೇ ಹರಿಯುತ್ತದೆ! ಅದಕ್ಕೇ ದರ ಕಮ್ಮಿಯಾಗದಂತೆ ನೋಡಿಕೊಂಡವು.

ಆದರೆ ಹೊಸಬರಲ್ಲಿ ಹಲವರು ಗಿರಾಕಿಗಳನ್ನು ಹುಡುಕಿಕೊಂಡು ಮನೆಮನೆ ಸುತ್ತಲಿಲ್ಲ. ನೆಟ್ಟಗೆ ಇಂಟರ್ನೆಟ್ ಕಂಪನಿಗಳ ಬಾಗಿಲು ತಟ್ಟಿ, ‘ನಿಮ್ಮ ಮೋಡೆಮ್ಮುಗಳನ್ನು ನಮ್ಮಲ್ಲಿಡಿ’ ಎಂದರು. ಮೋಡೆಮ್ಮಿಗೆ ಎಲ್ಲರೂ ಫೋನ್ ಮಾಡುತ್ತಾರೆ. ಮೋಡೆಮ್ಮು ಯಾರ ಯೋಗಕ್ಷೇಮಕ್ಕೂ ಫೋನ್ ಮಾಡುವುದಿಲ್ಲ. ಬೆಲ್ ಕಂಪನಿಯ ಗಿರಾಕಿ ರಾತ್ರಿ ಕಂಪ್ಯೂಟರ್ ಮುಂದೆ ಕೂತಲ್ಲೇ ತೂಕಡಿಸಿದರೂ ಬೆಲ್ ಕಂಪನಿಯ ಮೀಟರು ಹೊಸಬರ ಕಡೆಗೆ ಓಡುತ್ತಿತ್ತು. ಹೀಗೆ ನೂರು ಕೋಟಿ ಡಾಲರ್ ದಾಟಿ ದುಡ್ಡು ಹರಿಯಿತು. ತಾವೇ ತೋಡಿದ ಬಾವಿಗೆ ಬಿದ್ದ ಬೆಲ್ ಕಂಪನಿಗಳು, ‘ಇದು ಲೋಕಲ್ ಕರೆಯೇ ಅಲ್ಲ, ಇಂಟರ್ನೆಟ್ ಊರಾಚೆ ಇರುತ್ತದೆ’ ಎಂದು ಕೋರ್ಟಿನವರೆಗೆ ಕೂಗಾಡಿದವು. 2001ರಲ್ಲಿ ಅಲ್ಲಿನ ನಿಯಂತ್ರಕರು ದರಕ್ಕೆ ಕತ್ತರಿ ಹಾಕಿ, ಹಂತಹಂತವಾಗಿ ನಿಮಿಷಕ್ಕೆ 0.07 ಸೆಂಟಿಗೆ ಇಳಿಸಿದರು. ಜಾಹೀರಾತು ನಂಬಿಕೊಂಡು 1998ರಲ್ಲಿ ಪುಕ್ಕಟೆ ಇಂಟರ್ನೆಟ್ ಶುರುಮಾಡಿದ್ದ ನೆಟ್‌ಜೀರೊ ಕೂಡ 2001ರ ಹೊತ್ತಿಗೆ ‘ಪುಕ್ಕಟೆ ತಿಂಗಳಿಗೆ ಇಷ್ಟೇ ಗಂಟೆ’ ಎಂದು ಗೆರೆ ಎಳೆಯಿತು.

ನಮ್ಮಲ್ಲಿ ಈ ನಾಟಕಕ್ಕೆ ರಂಗವೇ ಬೇರೆ. 1995ರ ಆಗಸ್ಟ್ 15ರಂದು ಇಂಟರ್ನೆಟ್ ಬಂದಾಗ ಗಂಟೆಯ ದುಡ್ಡು ವಿಎಸ್‌ಎನ್‌ಎಲ್‌ಗೆ, ಕರೆಯ ದುಡ್ಡು ದೂರವಾಣಿ ಇಲಾಖೆಗೆ. ಎರಡೂ ಸರ್ಕಾರದ್ದೇ ಜೇಬು. ಒಂದು ಬಲಗಡೆ, ಒಂದು ಎಡಗಡೆ. ದಾನದ ಮಾತೇ ಇರಲಿಲ್ಲ, ಹಾಗಾಗಿ ಮೋಸ ಹೋದೆವೆಂಬ ಮಾತೂ ಇರಲಿಲ್ಲ. ನಮ್ಮ ಸರದಿ ಬಂದದ್ದು 2016ರ ಸೆಪ್ಟೆಂಬರಿನಲ್ಲಿ, ಜಿಯೊ ಜೊತೆಗೆ. ಈಗ ಪಾತ್ರ ಅದಲುಬದಲು. ಪುಕ್ಕಟೆ ಕೊಡುವವನೇ ಹಳೆಯ ಫೋನ್ ಕಂಪನಿಗಳಿಗೆ ಕರೆ ಮುಟ್ಟಿಸಲು ನಿಮಿಷಕ್ಕೆ 14 ಪೈಸೆ ತೆರಬೇಕಿತ್ತು. ಹಳಬರು ‘ಅದು ಸಾಲದು’ ಎಂದರು, ಹೊಸಬ ‘ಅದೂ ಬೇಡ’ ಎಂದ. ನಮ್ಮ ಫೋನ್ ಕಂಪನಿಗಳ ನಿಯಂತ್ರಕ ಟ್ರಾಯ್ 2017ರಲ್ಲಿ ಅದನ್ನು 6 ಪೈಸೆಗೆ ಇಳಿಸಿತು. 2019ರ ಅಕ್ಟೋಬರಿನಲ್ಲಿ ಜಿಯೊ ಆ 6 ಪೈಸೆಯನ್ನು ಮೆಲ್ಲಗೆ ನಮ್ಮ ಲೆಕ್ಕಕ್ಕೇ ಬರೆಯಿತು. 2021ರ ಜನವರಿ 1ಕ್ಕೆ ಆ ಶುಲ್ಕವೇ ರದ್ದಾಯಿತು.

ಆದ್ದರಿಂದ ಪುಕ್ಕಟೆ ಸಿಕ್ಕರೆ ಬೇಡ ಅನ್ನಬೇಡಿ, ನಾನಂತೂ ಅನ್ನುವವನಲ್ಲ. ಎರಡು ಕಂಪನಿಗಳು ಜಗಳವಾಡುತ್ತಿರುವಷ್ಟು ದಿನ ಚೆನ್ನಾಗಿ ಉಂಡುಕೊಳ್ಳಿ. ಅವೆರಡೂ ರಾಜಿಯಾದವೆಂದು ಪೇಪರಿನಲ್ಲಿ ಓದಿದ ದಿನ ಮಾತ್ರ ಜೇಬು ಮುಟ್ಟಿ ನೋಡಿಕೊಳ್ಳಿ.