ಏಳು-ಎರಡರ ಐಶ್ವರ್ಯ

ನಮ್ಮ ಮಾವನವರು ಆರು ತಿಂಗಳ ಮಟ್ಟಿಗೆಂದು ತಿಪಟೂರಿನಿಂದ ಟೆಕ್ಸಸ್ಸಿನ ಫ್ರಿಸ್ಕೋಗೆ ಬಂದರು. ಮೂರನೇ ವಾರಕ್ಕೇ ನೋಡುವುದೆಲ್ಲ ಮುಗಿಯಿತು. ಹಿತ್ತಲಿನ ಅಳಿಲುಗಳನ್ನು ಎಣಿಸಿದ್ದಾಯಿತು, ಗರಾಜಿನ ಬಾಗಿಲನ್ನು ರಿಮೋಟಿನಲ್ಲಿ ಏರಿಸಿ ಇಳಿಸಿದ್ದಾಯಿತು. ಹೊರಗೆ ರೊಟ್ಟಿ ಸುಡುವಷ್ಟು ಬಿಸಿಲಿದ್ದರೂ ಒಳಗೆ ಏಸಿಯ ಚಳಿಗೆ ಹೆದರಿ ಮಂಕಿ ಕ್ಯಾಪ್ ತೆಗೆಯುತ್ತಿರಲಿಲ್ಲ. ಒಂದು ಶನಿವಾರ ರಾತ್ರಿ ನಾವು ನಾಲ್ವರು ಗೆಳೆಯರು ಸಾರಿನ ಪಾತ್ರೆ ಸರಿಸಿ ಅದೇ ಮೇಜಿನ ಮೇಲೆ ಪೋಕರ್‌ಗೆ ಕೂತೆವು. ಮಾವನವರು ಕುರ್ಚಿ ಎಳೆದುಕೊಂಡು, "ನಂಗೂ ಒಂದ್ಕೈ ಹಾಕ್ರಪ್ಪ" ಅಂದರು.

ಊರಿನ ಕ್ಲಬ್ಬಿನಲ್ಲಿ ನಲವತ್ತು ವರ್ಷ ರಮ್ಮಿ ಆಡಿ ಪಳಗಿದ ಕೈ ಅದು. ಅತ್ತೆ ಅದನ್ನು ಜೂಜು ಎಂದಾಗಲೆಲ್ಲ, "1967ರಲ್ಲೇ ಸುಪ್ರೀಂ ಕೋರ್ಟು ರಮ್ಮಿ ಜಾಣತನದ ಆಟ ಅಂತ ಹೇಳಿದೆ ಕಣೇ" ಎಂದು ಬಾಯಿ ಮುಚ್ಚಿಸುತ್ತಾರೆ. ಆದರೆ ಇಲ್ಲಿ ಎರಡು ಎಲೆ ಕೊಟ್ಟು ನಿಲ್ಲಿಸಿದರೂ ಅವರ ಕೈ ಚಾಚಿಕೊಂಡೇ ಇತ್ತು.

"ಇನ್ನು ಹನ್ನೊಂದು?"

ಕೈಗೆ ಬರುವುದು ಎರಡೇ, ಮಿಕ್ಕ ಐದು ಮೇಜಿನ ನಡುವೆ ಬೀಳುತ್ತವೆ, ಅವು ಊರಬಾವಿಯಿದ್ದಂತೆ, ಯಾರು ಬೇಕಾದರೂ ಸೇದಿಕೊಳ್ಳಬಹುದು ಎಂದು ವಿವರಿಸಿದೆ. ಮೊದಲು ಒಟ್ಟಿಗೆ ಬೀಳುವ ಮೂರಕ್ಕೆ ಫ್ಲಾಪ್ ಅನ್ನುತ್ತಾರೆ ಎಂದೆ. "ಫ್ಲಾಪ್ ಅಂದ್ರೆ ಮೂರೇ ದಿನಕ್ಕೆ ಥಿಯೇಟರಿಂದ ಎತ್ತಿದ ಸಿನಿಮಾ ಅಲ್ವೇನಪ್ಪ?" ಅಂದರು. ನಾಲ್ವರಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಪೋಕರ್‌ನ ಈ ಬಗೆ ಈ ನಾಡಿನದೇ. ದಕ್ಷಿಣ ಟೆಕ್ಸಸ್ಸಿನ ರಾಬ್‌ಸ್ಟೌನ್ ಎಂಬ ಸಣ್ಣ ಊರೇ ಇದರ ತವರು ಎಂದು 2007ರಲ್ಲಿ ಇಲ್ಲಿನ ಶಾಸನಸಭೆಯೇ ಮುದ್ರೆ ಒತ್ತಿದೆ. ಮನೆಯೊಳಗೆ ಗೆಳೆಯರು ಆಡಿಕೊಂಡರೆ ಕಾನೂನಿನ ತಕರಾರಿಲ್ಲ, ಆದರೆ ಆಡಿಸುವ ಮನೆಯವನು ಅದರಲ್ಲಿ ಪಾಲು ಹೊಡೆಯುವಂತಿಲ್ಲ. ನಮ್ಮ ಮನೆಯಲ್ಲಿ ಆ ಭಯವೇ ಇಲ್ಲ. ಇಲ್ಲಿ ಹತ್ತು ಡಾಲರಿನ ಚಿಲ್ಲರೆ ಹಿಡಿದು ಬಂದವರು ಇಪ್ಪತ್ತು ಡಾಲರಿನ ಕೋಡುಬಳೆ ತಿಂದು ಹೋಗುತ್ತಾರೆ.

ಹತ್ತು ಗಂಟೆಯ ಸುಮಾರಿಗೆ ನನ್ನ ಕೈಗೆ ಆಟೀನ್ ಏಳು, ಕಳಾವರ್ ಎರಡು ಬಂದವು. ಪೋಕರ್ ಬಲ್ಲವರು ಇದನ್ನು ಓದಿ ಆಗಲೇ ಮುಖ ಸಿಂಡರಿಸಿರುತ್ತಾರೆ. ಒಂದೇ ಜಾತಿಯಲ್ಲ, ಸಾಲಿಗೆ ಸೇರುವಷ್ಟು ಹತ್ತಿರದ ನೆಂಟರೂ ಅಲ್ಲ, ದೊಡ್ಡ ಎಲೆಯಂತೂ ಒಂದೂ ಇಲ್ಲ. ಇದಕ್ಕಿಂತ ಕೆಟ್ಟ ಆರಂಭ ಇಲ್ಲ ಎನ್ನುವುದು ಎಲ್ಲರೂ ಒಪ್ಪಿದ ಮಾತು. ಆದರೆ ಆ ಸಲ ಬಿಗ್ ಬ್ಲೈಂಡ್ ನನ್ನದು, ಅಂದರೆ ಎಲೆ ನೋಡುವ ಮೊದಲೇ ಕಾಲು ಡಾಲರ್ ಇಟ್ಟಾಗಿತ್ತು. ಯಾರೂ ಪಂದ್ಯ ಏರಿಸಲಿಲ್ಲ. ಬಿಟ್ಟಿಯಾಗಿ ಫ್ಲಾಪ್ ನೋಡಲು ಸಿಕ್ಕರೆ ಎದ್ದು ಹೋಗುವ ಕನ್ನಡಿಗನನ್ನು ನಾನಂತೂ ಕಂಡಿಲ್ಲ. ಅದೂ ಅಲ್ಲದೆ ಟೆಕ್ಸಸ್ಸಿನವನೇ ಆದ ಡಾಯ್ಲ್ ಬ್ರನ್‌ಸನ್ ಹತ್ತು-ಎರಡು ಎಂಬ ಜುಜುಬಿ ಎಲೆ ಹಿಡಿದು 1976ರಲ್ಲೂ 1977ರಲ್ಲೂ ಪೋಕರ್ ವಿಶ್ವ ಪಟ್ಟ ಗೆದ್ದಿದ್ದಾನೆ, ಎರಡು ಸಲವೂ ಕೊನೆಯ ಕೈ ಫುಲ್‌ಹೌಸ್. ಕೆಟ್ಟ ಎಲೆ ಬಿಡಲಾರದವರೆಲ್ಲ ಅವನ ಹೆಸರು ಹೇಳಿಯೇ ಮುಳುಗುತ್ತಾರೆ.

ಫ್ಲಾಪ್ ಬಿತ್ತು. ಇಸ್ಪೀಟ್ ಏಳು, ಡೈಮನ್ ಏಳು, ಡೈಮನ್ ಎರಡು.

ನನ್ನದು ಮೂರು ಏಳು, ಎರಡು ಎರಡು. ಮೊದಲ ಮೂರು ಎಲೆಗೇ ಫುಲ್‌ಹೌಸ್! ಈ ಕೈಗೆ ಹೀಗಾಗುವುದು ಸುಮಾರು 1,089 ಸಲಕ್ಕೊಮ್ಮೆ. ಇಂಥ ಹೊತ್ತಿನಲ್ಲಿ ಮಾಡಬೇಕಾದ್ದು ಒಂದೇ: ಏನೂ ಬಂದಿಲ್ಲ ಎಂಬಂತೆ ಮೇಜಿನ ಮೇಲಿನ ಅನ್ನದ ಅಗುಳು ನೋಡುತ್ತ "ಚೆಕ್" ಎನ್ನುವುದು, ಉಳಿದವರು ತಾವಾಗಿ ದುಡ್ಡು ಸುರಿಯುವಂತೆ ಬಿಡುವುದು. ಆದರೆ ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಲ್ಲ. ನಾನು ಅಗುಳನ್ನೇ ನೋಡಿದೆ. ಎಷ್ಟು ಶ್ರದ್ಧೆಯಿಂದ ನೋಡಿದೆನೆಂದರೆ ಪಕ್ಕದವನೂ ಬಗ್ಗಿ ಅದನ್ನೇ ನೋಡತೊಡಗಿದ.

ಅಷ್ಟರಲ್ಲಿ ಕೋಡುಬಳೆ ತಟ್ಟೆ ಹಿಡಿದು ಬಂದ ನನ್ನ ಹೆಂಡತಿ ನಿಂತಳು. "ಯಾಕ್ರೀ, ಕಿವಿ ಹೀಗೆ ಕೆಂಪಗಾಗಿದೆ? ಗ್ರೀನ್ ಕಾರ್ಡ್ ಬಂದ ದಿನ ಆಗಿತ್ತು, ಆಮೇಲೆ ಇವತ್ತೇ ನೋಡ್ತಿರೋದು."

ಗುಟ್ಟು ರಟ್ಟಾದ ಮೇಲೆ ಚೆಕ್ ಎಂದು ಫಲವೇನು? ನಾಲ್ಕು ಕ್ವಾರ್ಟರ್ ಮುಂದೆ ತಳ್ಳಿದೆ. ಮೂವರು ಗೆಳೆಯರೂ ಬಿಸಿ ಬಾಣಲೆ ಮುಟ್ಟಿದವರಂತೆ ಎಲೆ ಎಸೆದರು. ಮಾವನವರು ಮಾತ್ರ ನಿಧಾನವಾಗಿ ನಾಲ್ಕು ಬಿಲ್ಲೆ ಎಣಿಸಿ ಇಟ್ಟರು. ಪಾಪ, ಅವರಿಗೇನು ಗೊತ್ತು, ಅಂದುಕೊಂಡೆ. ಮುಂದಿನ ಎಲೆ ಆಟೀನ್ ಐದು. ಎರಡು ಡಾಲರ್ ಹಾಕಿದೆ, ಅವರೂ ಹಾಕಿದರು. ಕೊನೆಯದು ಕಳಾವರ್ ರಾಜ. ನನ್ನ ಮುಂದಿದ್ದುದನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ನಡುವೆ ನೂಕಿದೆ. ಹಿರಿಯರ ಕಾಸು ಬಾಚಿಕೊಳ್ಳಲು ಸಂಕೋಚವಾಯಿತು. ಸಂಕೋಚದಿಂದಲೇ ನೂಕಿದೆ.

"ಆಗಲಿ" ಎಂದು ಅವರೂ ಅಷ್ಟು ಸರಿಸಿ ಎರಡು ಎಲೆ ಮಗುಚಿದರು. ರಾಜ, ರಾಜ.

"ಮೊದಲಿಂದ ಜೋಡಿ ರಾಜ ಇತ್ತು ಕಣಪ್ಪ, ಮೂರನೇದಕ್ಕೆ ಕಾಯ್ತಿದ್ದೆ. ಈಗ ಸೆಟ್ಟಾಯ್ತು, ಡಿಕ್ಲೇರ್!"

ನಾನು ಫುಲ್‌ಹೌಸ್ ಎಂದು ಎಲೆ ತೋರಿಸಿ ನಕ್ಕೆ. ಎದುರಿಗಿದ್ದ ಗೆಳೆಯ ನಗಲಿಲ್ಲ. "ಮೇಜಿನ ಮೇಲಿರೋ ಎರಡು ಏಳು ಅಂಕಲ್‌ಗೂ ಸೇರುತ್ತಲ್ಲೋ. ಮೂರು ರಾಜ, ಎರಡು ಏಳು. ಅವರದ್ದೂ ಫುಲ್‌ಹೌಸೇ, ನಿನ್ನದಕ್ಕಿಂತ ದೊಡ್ಡದು." ಊರಬಾವಿಯ ಪಾಠ ಹೇಳಿಕೊಟ್ಟವನು ನಾನೇ. ಫ್ಲಾಪ್ ಬಿದ್ದಾಗ ಅವರು ಗೆಲ್ಲುವ ಸಾಧ್ಯತೆ ನೂರಕ್ಕೆ ಒಂಬತ್ತೂ ಇರಲಿಲ್ಲ. ಪೋಕರ್ ಆಡುವ ಯಾರೇ ಆಗಲಿ ಜೋಡಿ ರಾಜ ಕಂಡ ತಕ್ಷಣ ಪಂದ್ಯ ಏರಿಸಿ ನನ್ನನ್ನು ಫ್ಲಾಪಿಗೆ ಮೊದಲೇ ಮನೆಗೆ ಕಳಿಸಿರುತ್ತಿದ್ದರು. ಇವರು ರಮ್ಮಿ ಆಡುತ್ತ ಕೂತಿದ್ದರು.

ಮಾವನವರು ನನ್ನ ಏಳನ್ನೂ ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು. "ಇಂಥ ಎಲೆ ಇಟ್ಕೊಂಡು ಆಡ್ತಾರೇನಪ್ಪ? ಮೊದಲೇ ಡ್ರಾಪ್ ಹೊಡೀಬೇಕಿತ್ತು. ಇಪ್ಪತ್ತು ಪಾಯಿಂಟಲ್ಲಿ ಹೋಗ್ತಿತ್ತು."

"ಯಾರು ಗೆದ್ದದ್ದು?" ಒಳಗಿನಿಂದ ಕೇಳಿದಳು.

"ನಿಮ್ಮಪ್ಪ."

"ದುಡ್ಡು ಮನೇಲೇ ಉಳೀತು ಬಿಡಿ."

ಚಿಲ್ಲರೆ ಎರಡು ಮುಷ್ಟಿಗೆ ಹಿಡಿಸುವಂತಿರಲಿಲ್ಲ. ಮಾವನವರು ಅತ್ತಿತ್ತ ಡಬ್ಬಿ ಹುಡುಕಿದರು, ಸಿಗಲಿಲ್ಲ. ಕೊನೆಗೆ ಮಂಕಿ ಕ್ಯಾಪ್ ತೆಗೆದು ಅದರೊಳಕ್ಕೇ ಗಳಗಳನೆ ಸುರಿದುಕೊಂಡರು. ಅವರ ಎರಡೂ ಕಿವಿ ಟೊಮೆಟೊ ಥರ ಕೆಂಪಗಿದ್ದವು.