ಅಡ್ಡಕೊಯ್ತದ ನಿರ್ದೇಶಾಂಕ ಮೀಮಾಂಸೆ: ಹೊಳೆಮಣ್ಣೂರ ದಾರಿಯನ್ನು ಮುಂದಿಟ್ಟುಕೊಂಡು ಒಂದು ಶಾಸ್ತ್ರವಿಚಾರ

ಶಾಸ್ತ್ರಗ್ರಂಥವೆಂದ ಮೇಲೆ ಆರಂಭದಲ್ಲೇ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಪ್ರಸ್ತುತ ಶಾಸ್ತ್ರದ ವಿಷಯ, ರಸ್ತೆಯ ಕ್ರಾಸ್ ಸೆಕ್ಷನ್ ನಕ್ಷೆಯ ಪ್ರತಿ ಬಿಂದುವಿಗೂ ಈಸ್ಟಿಂಗ್, ನಾರ್ತಿಂಗ್ ಎಂಬ ಜೋಡಿ ಅಂಕಿಯ ಚೀಟಿ ಅಂಟಿಸುವುದು. ಪ್ರಯೋಜನವನ್ನು ಪ್ರಬಂಧದ ಕೊನೆಯವರೆಗೂ ಹುಡುಕಲಾಗುವುದು. ಸಂಬಂಧವು ಸಾಫ್ಟ್‌ವೇರಿಗೂ ಪ್ಲಾಟರಿಗೂ ಇರುವಂಥದು. ನಕ್ಷೆಗೂ ನೆಲಕ್ಕೂ ಇರಲೇಬೇಕೆಂಬ ನಿಯಮವಿಲ್ಲ. ಅಧಿಕಾರಿ ಎಂದರೆ ಕೊನೆಯ ಹಾಳೆಯಲ್ಲಿ ಸಹಿ ಹಾಕುವವರು. ದೃಷ್ಟಾಂತಕ್ಕೆ ರೋಣ ತಾಲೂಕಿನ ಹೊಳೆಮಣ್ಣೂರಿನಂಥ ಊರಿಗೆ ಹೋಗುವ ಒಂದು ದಾರಿಯನ್ನು ಕಲ್ಪಿಸಿಕೊಳ್ಳಲಾಗಿದೆ. ಒಂದು ಮಗ್ಗುಲಿಗೆ ಮಲಪ್ರಭೆ, ಉಳಿದೆಡೆ ಎರಿ ಹೊಲ. ರಸ್ತೆಶಾಸ್ತ್ರವನ್ನು ಪರೀಕ್ಷೆಗೆ ಕೂಡಿಸಲು ಇದಕ್ಕಿಂತ ಕಟ್ಟುನಿಟ್ಟಿನ ಜಾಗ ಸಿಗುವುದು ಕಷ್ಟ.

ಮೊದಲು ಲಕ್ಷಣ ನಿರೂಪಣೆ. ರಸ್ತೆಯನ್ನು ಅಡ್ಡಲಾಗಿ ಕೊಯ್ದು ಮುಖ ನೋಡಿದರೆ ಕಾಣುವ ಚಿತ್ರವೇ ಕ್ರಾಸ್ ಸೆಕ್ಷನ್. ಪಂಡಿತರು ಇದನ್ನು ‘ಮಾರ್ಗಾನುಪ್ರಸ್ಥಚ್ಛೇದ’ ಎಂದು ಕರೆಯಲಿ. ಈ ಚಿತ್ರ ಎರಡೇ ಪ್ರಶ್ನೆಗೆ ಉತ್ತರ ಹೇಳುತ್ತದೆ: ನಡುಗೆರೆಯಿಂದ ಎಷ್ಟು ದೂರ, ಸಮುದ್ರಮಟ್ಟದಿಂದ ಎಷ್ಟು ಎತ್ತರ. ಆಫ್‌ಸೆಟ್ ಮತ್ತು ಲೆವೆಲ್ ಎಂಬ ಈ ಎರಡು ಅಂಕಿ ಇದ್ದರೆ ಚಿತ್ರ ಪೂರ್ಣ. ಇವುಗಳ ಮೇಲೆ ಹೇರುವ ನಿರ್ದೇಶಾಂಕಗಳು ಎಂಟು ವಿಧ. ಒಂದನೆಯದು ‘ಪಾರಮಾರ್ಥಿಕ ನಿರ್ದೇಶಾಂಕ’, ನೆಲದ ಮೇಲೆ ನಿಜವಾಗಿ ಇರುವ ಬಿಂದುವನ್ನು ತೋರಿಸುವಂಥದು. ಎರಡನೆಯದು ‘ಪ್ರಾತಿಭಾಸಿಕ ನಿರ್ದೇಶಾಂಕ’. ಸಾಫ್ಟ್‌ವೇರಿನಲ್ಲಿ ಸೆಕ್ಷನ್ ಎಂಬುದು ಖಾಲಿ ಜಾಗದಲ್ಲಿ ಎಲ್ಲೋ ಒಂದೆಡೆ ಸಾಲಾಗಿ ಜೋಡಿಸಿಟ್ಟ ಗ್ರಾಫು. ಅದರ ಎತ್ತರವನ್ನು ಕಣ್ಣಿಗೆ ಕಾಣಲೆಂದು ಹಿಗ್ಗಿಸಿರುವುದೂ ಉಂಟು. ಅದರ ಮೇಲೆ ಮೌಸ್ ಒತ್ತಿ ಮಾಮೂಲಿ ಲೇಬಲ್ ಹಾಕಿದರೆ ಬರುವುದು ಗ್ರಾಫು ಕೂತ ಜಾಗದ ಅಂಕಿ, ರಸ್ತೆ ಹಾಯುವ ನೆಲದ್ದಲ್ಲ. ರಸ್ತೆಯೇ ಇಲ್ಲದ ಯಾರದೋ ಹೊಲದಲ್ಲಿ ಶೋಲ್ಡರಿನ ಅಂಚು ಮೂರು ದಶಮಾಂಶದ ನಿಖರತೆಯಿಂದ ನಿಂತುಬಿಡುತ್ತದೆ. ಮೂರನೆಯದು ‘ಪೂರ್ವಜನ್ಮ ನಿರ್ದೇಶಾಂಕ’, ಹಿಂದಿನ ಕಾಮಗಾರಿಯ ಫೈಲಿನಿಂದ ನಕಲಾಗಿ ಬಂದು ಅಳಿಸಲು ಮರೆತಂಥದು. ಉಳಿದ ಐದು ವಿಧಗಳು ಈ ಮೂರರ ಬೆರಕೆಗಳೇ ಆದ್ದರಿಂದ ಅವುಗಳ ಗೊಡವೆ ಬೇಡ. ಪ್ರಶ್ನೆ ಮೊದಲನೆಯ ವಿಧದ್ದೇ. ನಿಜವಾದ, ತಪ್ಪಿಲ್ಲದ ನಿರ್ದೇಶಾಂಕಕ್ಕಾದರೂ ಅಡ್ಡಕೊಯ್ತದ ಮೇಲೆ ಏನು ಕೆಲಸ?

ಲೆಕ್ಕ ಹಾಕಿ ನೋಡೋಣ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರಿನಲ್ಲಿ ಶುರುವಾದಾಗಿನಿಂದ ಹಳ್ಳಿಯ ದಾರಿಗೆ ರೂಢಿಯಾದ ಅಳತೆ ಎಂದರೆ 3.75 ಮೀಟರಿನ ಡಾಂಬರು, ಶೋಲ್ಡರ್ ಸೇರಿ 7.5 ಮೀಟರ್ ಅಗಲ. 20 ಮೀಟರಿಗೊಂದು ಸೆಕ್ಷನ್ ತೆಗೆದರೆ ಒಂದು ಕಿಲೋಮೀಟರಿಗೆ 51. ಒಂದೊಂದರಲ್ಲಿ 15 ಬಿಂದು, ಬಿಂದುವಿಗೆ ಆಫ್‌ಸೆಟ್, ಲೆವೆಲ್, ಈಸ್ಟಿಂಗ್, ನಾರ್ತಿಂಗ್ ಎಂದು ನಾಲ್ಕು ಅಂಕಿ ಹಿಡಿದರೆ ಒಟ್ಟು 3,060 ಸಂಖ್ಯೆ. ಹೊಳೆಮಣ್ಣೂರ ಭಾಗದ ಈಸ್ಟಿಂಗ್ 5 ಲಕ್ಷ ಮೀಟರ್ ದಾಟಿದ್ದು, ನಾರ್ತಿಂಗ್ 17 ಲಕ್ಷ ದಾಟಿದ್ದು. ಎಡ ಅಂಚಿಗೂ ಬಲ ಅಂಚಿಗೂ ಏಳೂವರೆ ಮೀಟರಿನ ಅಂತರವಿರುವಾಗ ಈ ಉದ್ದುದ್ದ ಸಂಖ್ಯೆಗಳ ಮೊದಲ ಅಂಕಿಗಳು ಬಹುಮಟ್ಟಿಗೆ ಎಲ್ಲ ಬಿಂದುಗಳಿಗೂ ಅವೇ. ಹದಿನೈದು ಸಲ ಜಪಿಸಿದರೆ ಪುಣ್ಯ ಬಂದೀತೇ ಹೊರತು ಹೊಸ ಮಾಹಿತಿ ಬಾರದು. ಅದಕ್ಕೂ ಮಿಗಿಲಾಗಿ, ನಡುಗೆರೆಯ ಮೇಲೆ ಆ ಸೆಕ್ಷನ್ ಬೀಳುವ ಬಿಂದುವಿನ ನಿರ್ದೇಶಾಂಕ ಮತ್ತು ಅಲ್ಲಿ ರಸ್ತೆಯ ದಿಕ್ಕು ಗೊತ್ತಿದ್ದರೆ ಆಫ್‌ಸೆಟ್ಟಿನಿಂದ ಉಳಿದೆಲ್ಲ ಬಿಂದುಗಳ ನಿರ್ದೇಶಾಂಕ ತಾನೇ ಹುಟ್ಟುತ್ತದೆ. ಹೇಳಿದ್ದನ್ನೇ ಮತ್ತೊಮ್ಮೆ ದೊಡ್ಡ ಸಂಖ್ಯೆಯಲ್ಲಿ ಹೇಳುವ ಈ ದೋಷಕ್ಕೆ ಅಲಂಕಾರಶಾಸ್ತ್ರದಲ್ಲಿ ಪುನರುಕ್ತಿ ಎನ್ನುತ್ತಾರೆ, ಡಿಪಿಆರ್ (ಯೋಜನಾ ವರದಿ) ಶಾಸ್ತ್ರದಲ್ಲಿ ಪರಿಪೂರ್ಣತೆ ಎನ್ನುತ್ತಾರೆ.

ಇನ್ನು ಮೂರು ದಶಮಾಂಶದ ಮಹಿಮೆ. ಮೀಟರಿನ ಸಾವಿರದಲ್ಲಿ ಒಂದು ಭಾಗ, ಅಂದರೆ ಮಿಲಿಮೀಟರಿನವರೆಗೆ ಬಿಂದುವನ್ನು ಹಿಡಿದಿದ್ದೇವೆಂಬುದು ಇದರ ಘೋಷಣೆ. ಆದರೆ ನಾವು ಬಳಸುವ ಯುಟಿಎಂ ಜಾಲ 75 ಡಿಗ್ರಿ ಪೂರ್ವ ರೇಖಾಂಶದ ಮೇಲೆ ಎಲ್ಲ ದೂರವನ್ನೂ 0.9996ರಿಂದ ಗುಣಿಸಿ ಕುಗ್ಗಿಸುತ್ತದೆ. ಆ ರೇಖೆಗೆ ಹತ್ತಿರವಿರುವ ರೋಣದ ಸೀಮೆಯಲ್ಲಿ ಸರಿಪಡಿಸದೆ ಬಿಟ್ಟರೆ ಒಂದು ಕಿಲೋಮೀಟರಿಗೆ ಒಂದಡಿಗೂ ತುಸು ಹೆಚ್ಚು ವ್ಯತ್ಯಾಸ ಬೀಳುತ್ತದೆ. ಎತ್ತರದ ಕಥೆ ಇನ್ನೂ ಘನ. ಉಪಗ್ರಹದ ಉಪಕರಣ ಹೇಳುವುದು ದೀರ್ಘವೃತ್ತಗೋಲದ ಮೇಲಿನ ಎತ್ತರ. ನಮ್ಮ ಕಡೆ ಅದಕ್ಕೂ ಸಮುದ್ರಮಟ್ಟದ ಎತ್ತರಕ್ಕೂ 60 ಮೀಟರಿಗಿಂತ ಹೆಚ್ಚು ಅಂತರ. ಬೆಂಚ್‌ಮಾರ್ಕಿಗೆ ತಾಳೆ ಹಾಕದೆ ಬರೆದ ಮಿಲಿಮೀಟರು ಆ ಅರವತ್ತು ಮೀಟರಿನ ಮುಂದೆ ನಿಂತು ಏನು ಹೇಳೀತು? ಅಳೆಯುವ ನೆಲವೂ ನಿಂತಲ್ಲಿ ನಿಲ್ಲುವಂಥದಲ್ಲ: ಎರಿ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿದು, ಮಳೆಗೆ ಉಬ್ಬಿ ಮುಚ್ಚಿಕೊಳ್ಳುವ ಜಾತಿಯದು. ಉಬ್ಬುವ ಗುಣ ಶೇ. 50 ಮೀರಿದ ಮಣ್ಣನ್ನು ಏರಿಗೆ ಹಾಕಬೇಡಿ ಎಂದು ಕೇಂದ್ರ ಹೆದ್ದಾರಿ ಸಚಿವಾಲಯದ ನಿರ್ದಿಷ್ಟತೆ ಹೇಳುವುದೂ ಅದಕ್ಕೇ. ಅದೇ ನಿರ್ದಿಷ್ಟತೆ ಸಬ್‌ಗ್ರೇಡಿನ ಮಟ್ಟ 20 ಮಿ.ಮೀ. ಮೇಲೆ, 25 ಮಿ.ಮೀ. ಕೆಳಗೆ ಇದ್ದರೂ ಒಪ್ಪಿಕೊಳ್ಳುತ್ತದೆ. ಇಂಥ ನೆಲಕ್ಕೆ ಮಿಲಿಮೀಟರ್ ಬರೆಯುವುದು ಜೋಳದ ಚೀಲವನ್ನು ಅಕ್ಕಸಾಲಿಗನ ತಕ್ಕಡಿಗೆ ಏರಿಸಿದಂತೆ.

ಪೂರ್ವಪಕ್ಷ ಇಲ್ಲಿ ಮೂರು ಮಾತು ಹೂಡುತ್ತದೆ. ಟೋಟಲ್ ಸ್ಟೇಷನ್ ಹಿಡಿದವನಿಗೆ ನಿರ್ದೇಶಾಂಕ ಬೇಡವೇ ಎಂಬುದು ಮೊದಲನೆಯದು. ಬೇಕು, ಖಂಡಿತ ಬೇಕು. ತಿರುವಿಗೆ ಬೇಕು, ಸೇತುವೆಯ ಆಬಟ್‌ಮೆಂಟಿಗೆ ಬೇಕು, ಭೂಸ್ವಾಧೀನದ ಗಡಿಗಲ್ಲಿಗೆ ಬೇಕು. ಆದರೆ ಅವನ ಉಪಕರಣ ಅದನ್ನು ಫೈಲಿನಿಂದ ಓದುತ್ತದೆ. ಮನುಷ್ಯ ಓದಲು ಬಿಂದುಸಂಖ್ಯೆಯ ಒಂದು ಪಟ್ಟಿ ಸಾಕು. ಒಂದರ ಮೇಲೊಂದು ಬಿದ್ದ ಹತ್ತಂಕಿಯ ಸಂಖ್ಯೆಯನ್ನು ಹಾಳೆಯಿಂದ ನೋಡಿ ಕೈಯಾರೆ ಒತ್ತುವುದು ತಪ್ಪಿಗೆ ವೀಳ್ಯ ಕೊಟ್ಟು ಕರೆಯುವ ಕೆಲಸ. ಬಿಲ್ಲು ಆಗಬೇಕಲ್ಲ ಎಂಬುದು ಎರಡನೆಯದು. ಮಣ್ಣಿನ ಪ್ರಮಾಣವನ್ನು ರೂಢಿಯಂತೆ ಕಟ್ಟುವುದು ಎರಡು ಸೆಕ್ಷನ್ನುಗಳ ಕ್ಷೇತ್ರಫಲದ ಸರಾಸರಿಯನ್ನು ನಡುವಿನ ದೂರದಿಂದ ಗುಣಿಸಿ. ಅಗಲ ಮತ್ತು ಎತ್ತರ ಸಾಕು. ಈಸ್ಟಿಂಗ್ ಆ ಗುಣಾಕಾರದೊಳಗೆ ಕಾಲಿಡುವುದೇ ಇಲ್ಲ. ಆ 20 ಮೀಟರಿನ ನಡುವೆ ಒಂದು ಸಣ್ಣ ಹಳ್ಳ ಇದ್ದರೂ ಸೂತ್ರಕ್ಕೆ ಅದು ಕಾಣದು. ಮೂರನೆಯದು ಎಲ್ಲಕ್ಕಿಂತ ಸೌಮ್ಯವಾದದ್ದು: ಸಾಫ್ಟ್‌ವೇರ್ ಕೊಡುತ್ತದೆ, ಇದ್ದರೆ ಇರಲಿ ಬಿಡಿ, ಹೆಚ್ಚಾದರೆ ಏನು ನಷ್ಟ?

ನಷ್ಟವಿದೆ, ಮತ್ತು ಇಲ್ಲಿಗೆ ಶಾಸ್ತ್ರದ ಸೋಗು ಸಾಕು. ಹಾಳೆಯ ಮೇಲಿನ ಜಾಗಕ್ಕೆ ಮಿತಿ ಇದೆ, ಪರಿಶೀಲಿಸುವವರ ಕಣ್ಣಿಗೂ ಮಿತಿ ಇದೆ. ಮೂರು ಸಾವಿರ ಅಂಕಿಗಳ ಕಾಡಿನಲ್ಲಿ ಒಂದು ಗೆರೆ ಇಲ್ಲದಿರುವುದು ಯಾರಿಗೂ ಗೊತ್ತಾಗುವುದಿಲ್ಲ. 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ನೆರೆಯ ನೀರು ಎಲ್ಲಿಯ ತನಕ ಬಂದಿತ್ತು ಎಂಬ ಗೆರೆ. 2019ರ ಆಗಸ್ಟಿನಲ್ಲಿ ಎಲ್ಲಿಯ ತನಕ ಬಂತು ಎಂಬ ಗೆರೆ. ಅದೇ ಆಗಸ್ಟಿನಲ್ಲಿ ನರಗುಂದ ತಾಲೂಕಿನ ಕೊಣ್ಣೂರಿನ ಬಳಿ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯೇ ನೀರಿಗೆ ಸಿಕ್ಕಿ ನಿಂತುಹೋಯಿತು. ಹೆದ್ದಾರಿಯ ಗತಿ ಹಾಗಾದರೆ ಹಳ್ಳಿಯ ದಾರಿಯ ಗತಿ ಹೇಳಬೇಕೇ? 2009ರ ನಂತರ ಸರ್ಕಾರ ‘ಆಸರೆ’ ಯೋಜನೆಯಲ್ಲಿ ಹೊಸ ಮನೆಗಳನ್ನೇನೋ ಕಟ್ಟಿಸಿತು. ಆದರೆ ಹೊಲ, ಸಾಲಿ, ಸಂತೆ, ದವಾಖಾನೆಗೆ ಕರೆದೊಯ್ಯುವುದು ರಸ್ತೆ. ಅದು ಮುಳುಗಿದರೆ ಗರ್ಭಿಣಿಯೂ ಮುದುಕರೂ ಈಚೆ ದಂಡೆಯಲ್ಲೇ. ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಜಲಾಶಯ ತುಂಬುವ ಮಟ್ಟ 2079.50 ಅಡಿ ಎಂಬುದು ಹೊಳೆಸಾಲಿನ ಜನರ ಬಾಯಲ್ಲಿದೆ. ಮಳೆಗಾಲದಲ್ಲಿ ಪತ್ರಿಕೆ ಬಿಡಿಸಿ ಮೊದಲು ಹುಡುಕುವುದು ಆ ಅಂಕಿಯನ್ನೇ. ಜಲಾಶಯದ ಮಟ್ಟವನ್ನು ಬಾಯಿಪಾಠ ಮಾಡಿಕೊಂಡ ಜನರಿಗೆ ಹೊಳೆಯ ಮಟ್ಟವೇ ಇಲ್ಲದ ನಕ್ಷೆಯ ಮೇಲೆ ರಸ್ತೆ ಹಾಕಿಕೊಡುವುದು ಅಜ್ಞಾನವಲ್ಲ, ಅಸಡ್ಡೆ. ಬೆಣ್ಣಿಹಳ್ಳವೂ ರೋಣ ತಾಲೂಕಿನಲ್ಲೇ ಮಲಪ್ರಭೆಗೆ ಕೂಡುತ್ತದೆ. ಎರಡೂ ಒಟ್ಟಿಗೆ ಉಕ್ಕಿದಾಗ ನೀರು ಯಾವ ಮೋರಿಯಿಂದ ಹೊರಗೆ ಹೋಗಬೇಕು, ಆ ಮೋರಿಯ ತಳ ಹೊಲಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಯಾವ ಈಸ್ಟಿಂಗೂ ಹೇಳದು. ಮೋರಿ ಸಾಲದಿದ್ದರೆ ಎತ್ತರಿಸಿದ ರಸ್ತೆಯೇ ಒಡ್ಡಾಗಿ ನೀರನ್ನು ಊರ ಕಡೆ ತಿರುಗಿಸುತ್ತದೆ.

ಆದುದರಿಂದ ಸಿದ್ಧಾಂತವಿದು. ನಿರ್ದೇಶಾಂಕಗಳ ಜಾಗ ಪ್ಲಾನ್ ಹಾಳೆ ಮತ್ತು ಅನುಬಂಧದ ಪಟ್ಟಿ. ಅಡ್ಡಕೊಯ್ತಕ್ಕೆ ಆಫ್‌ಸೆಟ್ ಮತ್ತು ಲೆವೆಲ್ ಸಾಕು. ಖಾಲಿಯಾದ ಜಾಗದಲ್ಲಿ ಮೂರನ್ನು ಬರೆಯಿರಿ: ನೆರೆ ಬಂದ ವರ್ಷ ಮತ್ತು ಆಗಿನ ನೀರಿನ ಮಟ್ಟ, ಹತ್ತಿರದ ಮೋರಿಯ ತಳದ ಮಟ್ಟ, ಗಟಾರದ ನೀರು ಕೊನೆಗೆ ಎಲ್ಲಿ ಬೀಳುತ್ತದೆ ಎಂಬುದು. ನೆರೆಯ ಮಟ್ಟ ಕೇಳಲು ಉಪಗ್ರಹ ಬೇಡ. ಊರಲ್ಲಿ ಯಾರನ್ನು ಕೇಳಿದರೂ ಗೋಡೆ ತೋರಿಸುತ್ತಾರೆ, ಆ ಗೋಡೆಗೆ ಸ್ಟಾಫ್ ಹಿಡಿದು ಲೆವೆಲ್ ತೆಗೆದರೆ ಮುಗಿಯಿತು. ಸಹಿ ಮಾಡುವವರಲ್ಲಿ ಒಂದೇ ವಿನಂತಿ: ಹೊಳೆಸಾಲಿನ ರಸ್ತೆಯ ನಕ್ಷೆ ಮೇಜಿನ ಮೇಲೆ ಬಂದಾಗ ನೆರೆಯ ಗೆರೆ ಇಲ್ಲದ ಸೆಕ್ಷನ್ನನ್ನು ಸಹಿ ಹಾಕದೆ ವಾಪಸು ಕಳಿಸಿ.